ಟೆನಿಸ್ ಭವಿಷ್ಯ ಮತ್ತು ಒಂದು ಏಲಕ್ಕಿ ಹಾರ

ನನ್ನ ಕುತ್ತಿಗೆಗೆ ಇದುವರೆಗೆ ಒಂದೇ ಒಂದು ಸಲ ಹಾರ ಬಿದ್ದಿದೆ, ಅದೂ ಮದುವೆಯ ದಿನ. ಹಾಕಿದವಳಿಗೆ ಆ ವಿಷಯದಲ್ಲಿ ಈಗಲೂ ಅನುಮಾನಗಳಿವೆ. ಹಾವೇರಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಇತಿಹಾಸ ಕಲಿಸಿದ ನನಗೆ ಸಮಾರಂಭಗಳಿಗೇನೂ ಬರವಿರಲಿಲ್ಲ. ಆದರೆ ಪ್ರತಿಯೊಂದರಲ್ಲೂ ನನ್ನ ಪಾಲಿಗೆ ಬರುತ್ತಿದ್ದುದು ವಂದನಾರ್ಪಣೆ. ವಂದನಾರ್ಪಣೆ ಮಾಡುವವನಿಗೆ ಯಾರೂ ಹಾರ ಹಾಕುವುದಿಲ್ಲ. ಅವನು ಮೈಕಿನ ಮುಂದೆ ನಿಲ್ಲುವ ಹೊತ್ತಿಗೆ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಹಾರಗಳ ತಟ್ಟೆ ಹಿಡಿದು ವೇದಿಕೆಯ ಬದಿಗೆ ನಿಲ್ಲುವ ಕೆಲಸವೂ ನನ್ನದೇ ಆಗಿತ್ತು. ಹಾವೇರಿಯ ಹಾರವೆಂದರೆ ಏಲಕ್ಕಿಯದು. ಒಂದೊಂದೇ ಕಾಯಿಯನ್ನು ಜರಿದಾರದಲ್ಲಿ ಪೋಣಿಸಿ, ನಡುನಡುವೆ ಮುತ್ತು ಸೇರಿಸಿ ಕಟ್ಟಿರುತ್ತಾರೆ. ಬೇರೆಯವರ ಕೊರಳಿಗೆ ಹೋಗುವ ಪರಿಮಳವನ್ನು ಇಪ್ಪತ್ತು ವರ್ಷ ಮೂಸಿದವನಿಗೆ ಒಂದು ಆಸೆ ಹುಟ್ಟಿದರೆ ತಪ್ಪೇನು? ಆ ಆಸೆಯಿಂದಲೇ ನಾನು ಟೆನಿಸ್ ಜ್ಯೋತಿಷಿಯಾದೆ.

ನಮ್ಮೂರ ಕ್ಲಬ್ಬಿನಲ್ಲಿ ಒಂದು ಟೆನಿಸ್ ಕೋರ್ಟ್ ಇತ್ತು. ಕೋರ್ಟ್ ಎಂದರೆ ಕೆಮ್ಮಣ್ಣಿನ ಬಯಲು, ಸುಣ್ಣದ ಗೆರೆ, ನಡುವೆ ಜೋಲುಬಿದ್ದ ಒಂದು ಬಲೆ. ಆಡು ಒಳಗೆ ಬಂದರೆ ಪಾಯಿಂಟನ್ನು ಮತ್ತೆ ಆಡಬೇಕೆಂಬ ನಿಯಮ ನಮ್ಮಲ್ಲಿ ಮಾತ್ರ ಇತ್ತು. ಒಂದು ವರ್ಷ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ದೊಡ್ಡವರೊಬ್ಬರನ್ನು ಕರೆದೆವು, ಅವರಿಗೆಂದು ಭಾರಿ ಏಲಕ್ಕಿ ಹಾರವನ್ನೂ ಕಟ್ಟಿಸಿದೆವು. ದೊಡ್ಡವರು ಬರಲಿಲ್ಲ. ಸಂಜೆ ಆರರವರೆಗೆ ಕಾದು ನಾನು ಬಾರದವರಿಗೂ ವಂದನೆ ಅರ್ಪಿಸಿದೆ. ಹಾರ ಉಳಿಯಿತು. ಅದನ್ನು ಯಾರಿಗೆ ಹಾಕುವುದು ಎಂಬ ಚರ್ಚೆ ಎರಡು ವಾರ ನಡೆಯಿತು. ಪ್ರತಿಯೊಬ್ಬರೂ ತಮ್ಮ ಪಕ್ಕದವರ ಹೆಸರನ್ನು ತೀರ ಮೆಲ್ಲಗೆ ಸೂಚಿಸಿದರು.

ಕೊನೆಗೆ ಪರಿಹಾರ ಸೂಚಿಸಿದವನು ಬ್ಯಾಡಗಿಯ ಈರಣ್ಣ. ಮೆಣಸಿನಕಾಯಿ ದಲಾಲಿ ಅಂಗಡಿಯವನು, ಸಂಜೆಗೆ ಜೀಪಿನಲ್ಲಿ ಆಡಲು ಬರುತ್ತಿದ್ದ. ಅವನು ಬಂದನೆಂಬುದು ಅವನಿಗಿಂತ ಮೊದಲು ನಮ್ಮ ಸೀನುಗಳಿಂದಲೇ ತಿಳಿಯುತ್ತಿತ್ತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಕಾಯಿಯ ರಾಶಿ ನೋಡಿದ ವ್ಯಾಪಾರಿಗಳು ಬಾಯಿಬಿಟ್ಟು ಕೂಗುವುದಿಲ್ಲ. ಮನಸ್ಸಿನಲ್ಲಿದ್ದುದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ, ಆಮೇಲೆ ಎಲ್ಲರೆದುರು ತೆಗೆದು ಓದುತ್ತಾರೆ. ಅದಕ್ಕೆ ಟೆಂಡರ್ ಎನ್ನುತ್ತಾರೆ. ನಾವೂ ಹಾಗೆಯೇ ಮಾಡೋಣ ಎಂದ ಈರಣ್ಣ. ವರ್ಷಕ್ಕೆ ನಾಲ್ಕು ದೊಡ್ಡ ಟೆನಿಸ್ ಪಂದ್ಯಾವಳಿಗಳು. ಪ್ರತಿಯೊಂದಕ್ಕೂ ಮುಂಚೆ ಒಬ್ಬೊಬ್ಬರು ಒಂದೊಂದು ಹೆಸರು ಬರೆದು ಡಬ್ಬಿಗೆ ಹಾಕಬೇಕು. ಆ ಹೆಸರಿನವರು ಹಿಂದೆ ಯಾವ ದೊಡ್ಡ ಪಂದ್ಯಾವಳಿಯನ್ನೂ ಗೆದ್ದಿರಬಾರದು, ಈ ಸಲ ಗೆಲ್ಲಬೇಕು. ಯಾರ ಚೀಟಿ ಸರಿಯಾಗುತ್ತದೋ ಅವರಿಗೆ ಹಾರ. ಗೆದ್ದವರನ್ನೇ ಮತ್ತೆ ಗೆಲ್ಲುತ್ತಾರೆ ಎನ್ನಲು ಜ್ಯೋತಿಷಿ ಯಾಕೆ ಬೇಕು, ನಮ್ಮ ಕಾಲೇಜಿನ ಜವಾನನೂ ಹೇಳುತ್ತಾನೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಹಾರವನ್ನು ಗಾಜಿನ ಕಪಾಟಿನಲ್ಲಿ ತೂಗುಹಾಕಿದೆವು. ಆಗ ನಡೆಯುತ್ತಿದ್ದುದು ಎರಡು ಸಾವಿರದ ಐದು–ಆರರ ಕಾಲ. ಗಂಡಸರ ಟೆನಿಸ್ಸನ್ನು ಇಬ್ಬರೇ ಇಬ್ಬರು ಆಟಗಾರರು, ಅಣ್ಣತಮ್ಮಂದಿರು ಹೊಲ ಪಾಲುಮಾಡಿಕೊಂಡ ಹಾಗೆ ಹಂಚಿಕೊಂಡಿದ್ದರು. ಮೂರನೆಯವನು ಬದುವಿನ ಮೇಲೆ ಕಾಲಿಡುವಂತಿರಲಿಲ್ಲ. ಇದೆಲ್ಲ ಗೊತ್ತಿದ್ದೂ ಸ್ಪರ್ಧೆ ಶುರುಮಾಡಿದೆವು.

ಆಟಗಾರರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಾವು ಉಚ್ಚರಿಸುತ್ತಿದ್ದ ರೀತಿಗೆ ಅವರೇ ಓಗೊಡುತ್ತಿರಲಿಲ್ಲ. ಒಬ್ಬ ಗಡ್ಡದವ, ಒಬ್ಬ ಕೂದಲಪ್ಪ, ಇನ್ನೊಬ್ಬ ಟೊಪ್ಪಿಗೆಯವ. ಈ ಟೊಪ್ಪಿಗೆಯವನು ನನ್ನವನು. ಅವನ ಬ್ಯಾಕ್‌ಹ್ಯಾಂಡ್ ಹೊಡೆತ ನೋಡುತ್ತಿದ್ದರೆ ನನಗೆ ಊಟದ ನೆನಪೇ ಆಗುತ್ತಿರಲಿಲ್ಲ. ಸೋತಾಗ ರಾಕೆಟ್ಟನ್ನು ನೆಲಕ್ಕೆ ಅಪ್ಪಳಿಸಿ ಮುರಿಯುವುದರಲ್ಲೂ ಅವನಿಗೊಂದು ಗತ್ತಿತ್ತು. ಆ ಒಂದು ವಿದ್ಯೆಯನ್ನು ನಾನೂ ಕಲಿತಿದ್ದೆ.

ಮನುಷ್ಯ ತನ್ನ ಕಸುಬಿನ ಕಣ್ಣಿನಿಂದಲೇ ಲೋಕವನ್ನು ನೋಡುತ್ತಾನೆ. ಈರಣ್ಣ ಆಟಗಾರರನ್ನು ಮೆಣಸಿನಕಾಯಿಯಂತೆ ಪರೀಕ್ಷಿಸುತ್ತಿದ್ದ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ ಮತ್ತು ಮೈಮೇಲಿನ ಸುಕ್ಕಿನಿಂದ. ಆದ್ದರಿಂದ ಹಣೆಯ ಮೇಲೆ ನೆರಿಗೆ ಬಿದ್ದ, ಬಿಸಿಲಿಗೆ ಕೆಂಪಾಗುವ, ಮೂವತ್ತು ದಾಟಿದವರ ಹೆಸರನ್ನೇ ಅವನು ಬರೆಯುತ್ತಿದ್ದ. ಅವರೆಲ್ಲ ಎರಡನೆಯ ಸುತ್ತಿನಲ್ಲಿ ಮಂಡಿ ಹಿಡಿದುಕೊಂಡು ಹೊರಗೆ ಬರುತ್ತಿದ್ದರು. ನನ್ನ ಟೊಪ್ಪಿಗೆಯವನ ಬಗ್ಗೆ ಅವನ ಅಭಿಪ್ರಾಯ ಒಂದೇ ಆಗಿತ್ತು. “ಸರ, ನಿಮ್ಮ ಟೊಪಗ್ಯಾಂವ ಹಸೀ ಮಾಲ್ ಐತ್ರಿ. ಮ್ಯಾಲ ಕೆಂಪ ಕಾಣತೈತಿ, ಒಳಗ ಬರೇ ನೀರು.”

ಕ್ಲಬ್ಬಿನ ಇನ್ನೊಬ್ಬ ಸದಸ್ಯ ರಾಣೆಬೆನ್ನೂರಿನ ಬಸನಗೌಡರದು ಬೀಜದ ವ್ಯಾಪಾರ. ಹತ್ತಿಯ ಹೈಬ್ರಿಡ್ ಬೀಜ ಮಾಡಿಸಿ ಮಾಡಿಸಿ ಅವರಿಗೆ ತಂದೆತಾಯಿ ಗೊತ್ತಾಗದೆ ಯಾವ ಪ್ರಾಣಿಯ ಮೇಲೂ ನಂಬಿಕೆ ಬರುತ್ತಿರಲಿಲ್ಲ. ಆಟಗಾರನ ಅಪ್ಪ ಏನು ಆಡುತ್ತಿದ್ದ, ತಾಯಿ ಯಾವ ದೇಶದವಳು, ಅಜ್ಜನ ಎತ್ತರವೆಷ್ಟು ಎಂದು ನನ್ನನ್ನು ಕಾಡುತ್ತಿದ್ದರು. ನಾನು ಕ್ರೀಡಾಪತ್ರಿಕೆ ತಡಕಿ ವಂಶಾವಳಿ ಒದಗಿಸುತ್ತಿದ್ದೆ. ಅಪ್ಪ ಅಮ್ಮ ಇಬ್ಬರೂ ಆಟಗಾರರಾಗಿದ್ದ ಒಬ್ಬ ಹುಡುಗನನ್ನು ಅವರು ಮೂರು ಸಲ ಬರೆದರು. ಅವನು ಮೂರು ಸಲವೂ ಮೊಳೆಯಲಿಲ್ಲ.

ನಾನಂತೂ ಇತಿಹಾಸದವನು. ಆದದ್ದನ್ನು ಹೇಳುವುದಕ್ಕೆ ನನಗೆ ಸಂಬಳ, ಆಗುವುದನ್ನು ಹೇಳುವುದು ಚಟ. ಚೀಟಿಯ ಜೊತೆಗೆ ಎರಡು ಪುಟದ ಕಾರಣಗಳನ್ನೂ ಬರೆದು ಓದುತ್ತಿದ್ದೆ. ಇಲ್ಲೇ ದೇವರಗುಡ್ಡದ ಜಾತ್ರೆಯಲ್ಲಿ ದೇವರ ಸೇವೆಯ ಗೊರವಯ್ಯ ಎತ್ತರದ ಬಿಲ್ಲು ಏರಿ, ವರ್ಷದ ಭವಿಷ್ಯವೆಂದು ಕಾರಣಿಕ ನುಡಿಯುತ್ತಾನೆ. ಒಂದೇ ಒಂದು ಸಾಲು. ನುಡಿದವನು ಜಾರಿ ಕೆಳಗೆ ಬೀಳುತ್ತಾನೆ, ಅವನ ಕೆಲಸ ಮುಗಿಯಿತು. ಮಳೆಯೋ ಬೆಳೆಯೋ ರಾಜಕೀಯವೋ ಎಂದು ಅರ್ಥ ಹಚ್ಚುವ ತಲೆನೋವು ಕೇಳಿದವರದು. ಭವಿಷ್ಯ ಹೇಳುವ ಸರಿಯಾದ ಪದ್ಧತಿ ಅದೇ ಎಂದು ನನಗೆ ತಡವಾಗಿ ಹೊಳೆಯಿತು. ಎರಡು ಪುಟ ಬರೆದವನಿಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

ಮೊದಲ ವರ್ಷದ ಜನವರಿ ಪಂದ್ಯಾವಳಿಯ ಚೀಟಿ ಹಾಕುವ ದಿನ ನನಗೆ ವಿಪರೀತ ಜ್ವರ. ಈರಣ್ಣನೇ ಚೀಟಿ ಒಯ್ಯಲು ಮನೆಯ ಬಾಗಿಲಿಗೆ ಬಂದ. ನಾನು ಕಂಬಳಿಯೊಳಗಿಂದಲೇ ಟೊಪ್ಪಿಗೆಯವನ ಹೆಸರು ಹೇಳಿ, ಬರೆದುಕೊಡು ಎಂದು ಹೆಂಡತಿ ಸುಮಂಗಲೆಗೆ ಹೇಳಿದೆ. ಅವಳು ಬರೆದಳು, ಮಡಚಿದಳು, ಕೊಟ್ಟಳು. ಮರುದಿನ ಬಸನಗೌಡರು ಫೋನ್ ಮಾಡಿ, ನಗು ತಡೆಯಲಾರದೆ, ನನ್ನ ಚೀಟಿಯಲ್ಲಿ ಹೆಣ್ಣುಮಗಳೊಬ್ಬಳ ಹೆಸರಿತ್ತೆಂದೂ, ಸರ್‌ಗೆ ಜ್ವರ ನೆತ್ತಿಗೇರಿದೆಯೆಂದು ಕ್ಲಬ್ಬೆಲ್ಲ ಮಾತಾಡಿಕೊಂಡಿತೆಂದೂ, ಈರಣ್ಣ ಅದರ ಮೇಲೆ ಕೆಂಪು ಶಾಯಿಯಲ್ಲಿ ‘ರದ್ದು’ ಎಂದು ಬರೆದನೆಂದೂ ತಿಳಿಸಿದರು. ನಾನು ಹಾಸಿಗೆಯಿಂದೆದ್ದು ಹೆಂಡತಿಯ ಮೇಲೆ ಹರಿಹಾಯ್ದೆ. ಕ್ಲಬ್ಬಿನಲ್ಲಿ ನನ್ನ ಪಾಂಡಿತ್ಯದ ಮಾನ ಹೋಯಿತು ಎಂದೆ. ಅವಳು ಬಿಸಿನೀರಿನ ಲೋಟ ಇಟ್ಟು ಒಳಗೆ ಹೋದಳು. ಯಾರ ಹೆಸರು ಬರೆದೆ, ಯಾಕೆ ಬರೆದೆ ಎಂದು ಕೇಳುವ ಸೌಜನ್ಯ ನನಗೆ ಬರಲಿಲ್ಲ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಲ್ಲಿಂದ ಎರಡು ವರ್ಷ ಚೀಟಿಗಳು ಬಿದ್ದವು, ಓದಲ್ಪಟ್ಟವು, ಸುಳ್ಳಾದವು. ವಿದ್ಯುತ್ ಇಲಾಖೆಯೂ ಕೈಲಾದಷ್ಟು ಸಹಕರಿಸಿತು. ಐದನೆಯ ಸೆಟ್ಟಿನ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು, ನನ್ನ ಟೊಪ್ಪಿಗೆಯವನು ಯಾವಾಗಲೂ ಕತ್ತಲಲ್ಲೇ ಸೋಲುತ್ತಿದ್ದ. ಕಪಾಟಿನೊಳಗೆ ಹಾರ ಹಸಿರು ಕಳೆದುಕೊಂಡು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ನಾನು ಸಂಜೆ ಒಬ್ಬನೇ ಇದ್ದಾಗ ಕಪಾಟು ತೆರೆದು ಮೂಸುತ್ತಿದ್ದೆ, ಇನ್ನೂ ಸ್ವಲ್ಪ ಉಳಿದಿದೆ ಎಂದು ಸಮಾಧಾನಪಡುತ್ತಿದ್ದೆ. ಒಂದು ಸಲ ಕೊರಳಿಗೆ ಹಾಕಿಕೊಂಡೂ ನೋಡಿದೆ. ಯಾರೂ ಹಾಕದೆ ತಾನೇ ಹಾಕಿಕೊಂಡ ಹಾರ ಬಹಳ ಚುಚ್ಚುತ್ತದೆ.

ಆಮೇಲೊಂದು ಜನವರಿಯಲ್ಲಿ ಅಚ್ಚರಿ ನಡೆಯಿತು. ಇಬ್ಬರ ಬದು ದಾಟಿ ಒಬ್ಬ ಹೊಸ ಹುಡುಗ ಗೆದ್ದುಬಿಟ್ಟ. ಅವನ ಹೆಸರನ್ನು ಆ ಸಲ ಯಾರೂ ಬರೆದಿರಲಿಲ್ಲ. ಎಲ್ಲರೂ ಮುಖ ಬಾಡಿಸಿ ಕುಳಿತಿದ್ದಾಗ ನನ್ನ ನಾಲಿಗೆ ತುರಿಸಿತು. ಈ ಹುಡುಗನ ಹೆಸರನ್ನು ನಾನು ಹಿಂದೊಮ್ಮೆ ಬರೆದಿದ್ದೆ ಎಂದು ಹೇಳಿಬಿಟ್ಟೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಹೇಳುತ್ತ ಹೇಳುತ್ತ ಅದು ನನಗೆ ಖರೆ ಅನ್ನಿಸತೊಡಗಿತು, ಅಷ್ಟೇ. ನಿಯಮದಂತೆ ಅಲ್ಲದಿದ್ದರೂ ನ್ಯಾಯದಂತೆ ಹಾರ ನನಗೇ ಸಲ್ಲಬೇಕು ಎಂದು ವಾದಿಸಿದೆ. ಈರಣ್ಣನಿಗೆ ಚೀಟಿ ಹರಿದೊಗೆಯುವ ಅಭ್ಯಾಸವಿಲ್ಲವೆಂಬುದು ನನಗೆ ಮರೆತೇಹೋಗಿತ್ತು. ಟೆಂಡರಿನ ಚೀಟಿ ಎಂದರೆ ಅವನ ಪಾಲಿಗೆ ದೇವರ ಪ್ರಸಾದ. ಭಾನುವಾರ ನೋಡಿಯೇಬಿಡೋಣ ಎಂದ.

ಭಾನುವಾರ ಬೆಳಿಗ್ಗೆ ಈರಣ್ಣ, ಬಸನಗೌಡರು ಇಬ್ಬರೂ ಡಬ್ಬಿ ಮತ್ತು ಹಾರದೊಂದಿಗೆ ನಮ್ಮ ಮನೆಗೆ ಬಂದರು. ನಾನು ಆಗಷ್ಟೇ ಸ್ನಾನ ಮುಗಿಸಿ, ಟವೆಲನ್ನು ಕುರ್ಚಿಯ ಬೆನ್ನಿಗೆಸೆದು ಬಂದಿದ್ದೆ. ಪಡಸಾಲೆಯ ಮೂಲೆಯಲ್ಲಿ ಸುಮಂಗಲೆ ಈರಣ್ಣನೇ ಕಳಿಸಿದ್ದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದಳು. ಡಬ್ಬಿಯ ಮುಚ್ಚಳ ತೆಗೆದೊಡನೆ ನಾವು ಮೂವರೂ ಸೀನಿದೆವು. ಈರಣ್ಣ ನನ್ನ ಚೀಟಿಗಳನ್ನು ಒಂದೊಂದಾಗಿ ಓದಿದ. ಟೊಪ್ಪಿಗೆಯವ. ಟೊಪ್ಪಿಗೆಯವ. ಟೊಪ್ಪಿಗೆಯವ. ಕೊನೆಕೊನೆಗೆ ಓದುವುದನ್ನು ಬಿಟ್ಟು ಬರೇ ತಲೆಯ ಮೇಲೆ ಕೈಯಿಟ್ಟು ತೋರಿಸತೊಡಗಿದ. ಹೊಸ ಹುಡುಗನ ಹೆಸರು ಎಲ್ಲಿಯೂ ಇರಲಿಲ್ಲ. ಉಳಿದದ್ದು ಕೆಂಪು ಶಾಯಿಯ ಒಂದೇ ಚೀಟಿ. ನನ್ನ ಮರ್ಯಾದೆ ಹೇಗೂ ಹೋಗಿತ್ತು, ಅದನ್ನೂ ಓದಿಬಿಡು ಎಂದೆ. ಅವನು ಆ ಹೆಣ್ಣುಮಗಳ ಹೆಸರನ್ನು ತಡವರಿಸುತ್ತ ಓದಿದ.

ಬಸನಗೌಡರು ನಿಟ್ಟುಸಿರು ಬಿಟ್ಟು, ಈ ಕಾಲದಲ್ಲಿ ಹೊಸಬರನ್ನು ಗುರುತಿಸುವುದು ಯಾರಿಂದಲೂ ಸಾಧ್ಯವಿಲ್ಲ ಎಂದರು. ಮೂಲೆಯಿಂದ ಸುಮಂಗಲೆ, ತಲೆ ಎತ್ತದೆ, ಹೇಳಿದಳು:

“ಆಕಿ ಗೆದ್ದಳಲ್ರಿ. ಚೀಟಿ ಬರೆದ ಅದ ಜನವರಿಯೊಳಗ. ಮೊದಲನೇ ಸರ್ತಿ.”

ಆ ಸುದ್ದಿಯನ್ನು ನಾನು ಆಗಲೇ ಪತ್ರಿಕೆಯಲ್ಲಿ ಓದಿದ್ದೆ, ಪುಟದ ಕೆಳಮೂಲೆಯಲ್ಲಿ. ಓದಿ ಪುಟ ತಿರುವಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ, ನಮಗೆ ಕನ್ನಡಿ ಹಿಡಿದರೂ ಕಂಡಿರಲಿಲ್ಲ. ನಮ್ಮ ನಿಯಮದಲ್ಲಿ ಗಂಡಸರ ಆಟ ಮಾತ್ರ ಎಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವಿದೆ ಎಂದೇ ಯಾರಿಗೂ ಹೊಳೆದಿರಲಿಲ್ಲ. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, “ನೀವು ಕೇಳಲಿಲ್ಲ” ಎಂದಳು.

ಈರಣ್ಣ ನಿಯಮದ ಮನುಷ್ಯ. ಚೀಟಿಯನ್ನು ತಿರುವಿ ನೋಡಿದ, ಹಿಂಬದಿಗೆ ನನ್ನ ಹೆಸರಿತ್ತು. ಬರೆದ ಕೈ ಯಾರದೇ ಇರಲಿ, ಚೀಟಿ ಯಾರ ಹೆಸರಿನಲ್ಲಿದೆಯೋ ಟೆಂಡರ್ ಅವರದೇ ಎಂದ. ಕೆಂಪು ಶಾಯಿಯ ತಪ್ಪು ತನ್ನದು, ಕ್ಷಮಿಸಬೇಕು ಎಂದು ಹಾರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನೆದುರು ನಿಂತ. ಓದುಗ ಮಿತ್ರರೆ, ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನನ್ನ ಕುತ್ತಿಗೆ ತಾನಾಗಿಯೇ ಬಗ್ಗಿತು. ಇಪ್ಪತ್ತು ವರ್ಷ ಬೇರೆಯವರಿಗೆ ತಟ್ಟೆ ಹಿಡಿದವನ ಕುತ್ತಿಗೆ ಅದು. ಏಲಕ್ಕಿಯ ಹಳೆಯ ವಾಸನೆ ಮೂಗಿಗೆ ಬಂತು. ಬಗ್ಗಿದ ನನಗೆ ಮೂಲೆಯಲ್ಲಿ ತೊಟ್ಟು ಬಿಡಿಸುವ ಸಪ್ಪಳ ಕೇಳಿಸುತ್ತಿತ್ತು. ಅದು ನಿಲ್ಲಲಿಲ್ಲ, ಜೋರೂ ಆಗಲಿಲ್ಲ. ಅವಳು ಜಗಳವಾಡಿದ್ದರೆ ಹಾಕಿಸಿಕೊಂಡುಬಿಡುತ್ತಿದ್ದೆನೋ ಏನೋ.

“ಅಕ್ಷರ ನಂದಲ್ಲೋ ಈರಣ್ಣ,” ಎಂದೆ. “ಬುದ್ಧೀನೂ ನಂದಲ್ಲ. ಅಕಿಗೆ ಹಾಕು.”

ಪರಗಂಡಸರು ಹಾಕುವುದು ಸರಿಯಲ್ಲವೆಂದು ಈರಣ್ಣ ಹಾರವನ್ನು ನನ್ನ ಕೈಗೇ ಕೊಟ್ಟ. ಹೀಗೆ ಇಪ್ಪತ್ತೊಂದನೆಯ ವರ್ಷವೂ ಹಾರ ನನ್ನ ಕೈಯಿಂದ ಬೇರೆಯವರ ಕೊರಳಿಗೇ ಹೋಯಿತು. ನಾಲ್ಕೈದು ಏಲಕ್ಕಿಗಳು ಉದುರಿ ಮೆಣಸಿನಕಾಯಿಯ ರಾಶಿಯಲ್ಲಿ ಬಿದ್ದವು. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಹಾರ ಸರಿಮಾಡಿಕೊಂಡು, ಸ್ವಲ್ಪ ಕೆಂಪಾದಳು. ಅವಳು ಹಾಗೆ ಕೆಂಪಾದದ್ದನ್ನು ನಾನು ನೋಡಿ ಬಹಳ ವರ್ಷವಾಗಿತ್ತು. ನನಗೆ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು.

ಬಸನಗೌಡರಿಗೆ ಗುಟ್ಟು ಬೇಕಾಗಿತ್ತು. ಆ ಹುಡುಗಿಯ ಅಪ್ಪ ಆಟಗಾರನೇನು ಎಂದು ಕೇಳಿದರು. ಸುಮಂಗಲೆಗೆ ಅದೆಲ್ಲ ಗೊತ್ತಿರಲಿಲ್ಲ. ನಾನು ಕಾಲೇಜಿಗೆ ಹೋದಾಗ ಅವಳು ತೊಟ್ಟು ಬಿಡಿಸುತ್ತ, ಟಿವಿಯಲ್ಲಿ ಬೇರೇನೂ ಇಲ್ಲದ್ದಕ್ಕೆ, ಟೆನಿಸ್ ನೋಡುತ್ತಿದ್ದಳಂತೆ.

“ಹಿಂದಿನ ವರ್ಷ ಆಕಿ ಸೋತದ್ದು ನೋಡಿದ್ದೆರಿ,” ಎಂದಳು. “ಕಣ್ಣಾಗ ನೀರು ಬಂದಿತ್ತು. ಆದ್ರೂ ಕುರ್ಚಿ ಮ್ಯಾಲ ಕುಂತು, ಹಸೀ ಟವೆಲ್ ನಾಕು ಮಡಚಿ ಚೀಲದಾಗ ಇಟ್ಟಳು. ನಾಳೆ ಮತ್ತ ಬೇಕಾಗತೈತಿ ಅನ್ನಾವರು ಅಷ್ಟ ಹಂಗ ಮಡಚತಾರ. ಆ ಟೊಪಗ್ಯಾಂವ ಒಗದು ಹೋಗತಾನ.”

ಎರಡು ಪುಟದ ನನ್ನ ಕಾರಣಗಳು, ಗೌಡರ ವಂಶಾವಳಿ, ಈರಣ್ಣನ ಸುಕ್ಕು ಎಲ್ಲವೂ ಅಲ್ಲಿಗೆ ಮುಗಿದವು. ಈರಣ್ಣ ಜೇಬಿನಿಂದ ಹೊಸ ಚೀಟಿ ತೆಗೆದು ಅವಳೆದುರು ಇಟ್ಟು, ಹಾಗಾದರೆ ಮುಂದಿನ ಹೊಸ ಚಾಂಪಿಯನ್ ಯಾರು, ನೀವೇ ಬರೆಯಿರಿ ಅಕ್ಕ ಎಂದ. ನಾವು ಮೂವರೂ ಚೀಟಿಯ ಮೇಲೆ ಬಗ್ಗಿದೆವು. ಅವಳು ಪೆನ್ನು ಹಿಡಿದು ಯೋಚಿಸಿದಳು. ಅವಳ ಕಣ್ಣು ನನ್ನ ಕಡೆ ತಿರುಗಿತು, ಅಲ್ಲಿಂದ ಕುರ್ಚಿಯ ಬೆನ್ನಿಗೆ ಮುದ್ದೆಯಾಗಿ ಬಿದ್ದ ಟವೆಲಿನ ಕಡೆ ಹೋಯಿತು.

“ಯಾರರ ಆಗಲಿ ಅಣ್ಣಾರ,” ಎಂದಳು, “ಇವರಂತೂ ಅಲ್ಲ.”

ಅವರಿಬ್ಬರೂ ನಕ್ಕು ಮುಗಿಸುವವರೆಗೆ ಕಾದು ನಾನು ಎದ್ದು ಹೋದೆ. ಒದ್ದೆ ಟವೆಲನ್ನು ತೆಗೆದು ನಾಲ್ಕು ಮಡಚಿದೆ. ಮೊದಲನೇ ಸಲವಾದ್ದರಿಂದ ಮೂಲೆಗೆ ಮೂಲೆ ಸೇರಲಿಲ್ಲ.