ಮಾವನ ಪುಸ್ತಕದ ಲಡಾಣಿ

ಟೈಲರ್ ಮಾವ ತೀರಿಕೊಂಡ ಮೇಲೆ ಅಂಗಡಿ, ಕತ್ತರಿ, ಅಳತೆಪುಸ್ತಕ ಮೂರೂ ಸೊಸೆಯ ಕೈಗೆ ಬಂದವು. ಹೊಲಿಗೆ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಬಟ್ಟೆ ಕತ್ತರಿಸುವ ಕೆಲಸವನ್ನು ಆ ಪುಣ್ಯಾತ್ಮ ಬದುಕಿರುವ ತನಕ ಯಾರಿಗೂ ಬಿಟ್ಟುಕೊಟ್ಟವರಲ್ಲ. ಈಗ ಮೇಜಿನ ಮೇಲೆ ಮೇಷ್ಟ್ರ ಕೋಟಿನ ಬಟ್ಟೆ ಬಿದ್ದಿತ್ತು. ಮೇಷ್ಟ್ರು ಪರವೂರಿನಲ್ಲಿದ್ದರು; ನಾಳೆ ಬಂದವರೇ ಅದನ್ನು ತೊಟ್ಟು ತಮ್ಮ ನಿವೃತ್ತಿ ಸಮಾರಂಭಕ್ಕೆ ಹೋಗಬೇಕು. ಕತ್ತರಿ ತಪ್ಪಿದರೆ ಕೋಟೂ ಹೋಯಿತು, ಅಂಗಡಿಯ ಹೆಸರೂ ಹೋಯಿತು.

ಪುಸ್ತಕದಲ್ಲಿ ಎದೆ, ಸೊಂಟ, ತೋಳು ಎಲ್ಲ ಸರಿಯಾಗಿತ್ತು. ಕೊನೆಗೆ ಮಾತ್ರ "ಬಲ ಲಡಾಣಿ, ಅರ್ಧ" ಎಂದಿತ್ತು. ಲಡಾಣಿ! ಅದ್ಯಾವ ಸೀಮೆಯ ಮಾತೋ! ಗಂಡನನ್ನು ಕೇಳಿದಳು.

"ನಂಗೇನ್ ಗೊತ್ತು? ಅಪ್ಪ ಬಾಯಿಗೆ ಬಂದ ಹೆಸರಿಡ್ತಿದ್ರು" ಎಂದ ಅವನು.

ಹಾಳೆ ತಿರುವಿದಳು. ನೀರಿನ ಕ್ಯಾನ್ ಹೊರುವವನಿಗೂ ಬಲ ಲಡಾಣಿ, ಪೋಸ್ಟ್‌ಮ್ಯಾನ್‌ಗೂ ಬಲ ಲಡಾಣಿ. ಒಬ್ಬ ಡೊಳ್ಳುಹೊಟ್ಟೆ, ಇನ್ನೊಬ್ಬ ಕಡ್ಡಿ ಪೈಲ್ವಾನ್. ಹಾಗಾದರೆ ಹೊಟ್ಟೆಯ ಮಾತಲ್ಲ. ಬಲಗೈ ಅರ್ಧ ಇಂಚು ಉದ್ದವಿರಬಹುದೇ? ಕಾಗದ ಕೊಡಲು ಬಂದ ಪೋಸ್ಟ್‌ಮ್ಯಾನನ್ನೇ ನಿಲ್ಲಿಸಿ ಟೇಪು ಹಿಡಿದಳು. ಎರಡೂ ಕೈ ಸಮ.

"ಏನಕ್ಕಾ, ಈ ವಯಸ್ಸಲ್ಲಿ ನನ್ನ ಕೈ ಬೆಳೀತಾ ಇದ್ಯಾ?" ಎಂದು ಅವನು ನಕ್ಕ.

ಅವಳಿಗೆ ತಲೆ ಚಿಟ್ಟು ಹಿಡಿಯಿತು. ಕೈಯಲ್ಲ, ಹೊಟ್ಟೆಯಲ್ಲ, ಮತ್ತಿನ್ನೇನು? ಹೆಂಗಸರ ಹಾಳೆಗಳನ್ನೂ ಜಾಲಾಡಿದಳು. ಅಲ್ಲಿ ಒಂದೇ ಕಡೆ ಸಿಕ್ಕಿತು: "ಸೊಸೆ. ಎಡ ಲಡಾಣಿ, ಮುಕ್ಕಾಲು. ಹೇಳಬಾರದು."

ಅವಳು ಗಾಬರಿಯಿಂದ ಕನ್ನಡಿಯ ಮುಂದೆ ನಿಂತಳು. ಎಡ ಹೆಗಲು ಯಾಕೋ ತುಸು ತಗ್ಗಿದಂತೆ ಕಂಡಿತು. ಟೇಪಿನ ತುದಿಯನ್ನು ಕಾಲಿನಿಂದ ಒತ್ತಿ ಹಿಡಿದು ಒಂದೊಂದೇ ಹೆಗಲಿನ ಎತ್ತರ ಅಳೆದಳು. ಎಡ ಹೆಗಲು ಮುಕ್ಕಾಲು ಇಂಚು ಇಳಿದಿತ್ತು. ನಡೆಯಲಾರದ ಮಗಳನ್ನು ಒಂಬತ್ತು ವರ್ಷದಿಂದ ಹೊತ್ತ ಹೆಗಲು ಅದು. ಕ್ಯಾನು, ಟಪಾಲು ಚೀಲ, ಮೇಷ್ಟ್ರ ಪುಸ್ತಕದ ಜೋಳಿಗೆ ಎಲ್ಲ ಒಟ್ಟಿಗೇ ಕಣ್ಣಮುಂದೆ ಬಂದವು.

"ನಿನ್ನ ಬಟ್ಟೆ ಹೊಲಿಯೋದು ಅಂದ್ರೆ ತಲೆನೋವು ಕಣಮ್ಮ" ಎಂದು ಮಾವ ಗೊಣಗಿದಾಗಲೆಲ್ಲ ಅವಳು ಒಳಗೊಳಗೇ ಉರಿದಿದ್ದಳು. ಆ ಬಟ್ಟೆ ಒಂದು ದಿನವೂ ಹೆಗಲಿಂದ ಜಾರಿರಲಿಲ್ಲ. ತನ್ನ ಮೈ ನೆಟ್ಟಗಿದೆ ಎಂದೇ ಅವಳು ತಿಳಿದಿದ್ದಳು. ಈಗ ಬಂದದ್ದು ಸಿಟ್ಟೋ ಅಳುವೋ, ಅವಳಿಗೇ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು, ಮೇಷ್ಟ್ರ ಬಲ ಹೆಗಲಿಗೆ ಅರ್ಧ ಇಂಚು ಇಳಿಸಿ ಗೆರೆ ಎಳೆದು, ಕತ್ತರಿ ಹಾಕಿದಳು.

ಮರುದಿನ ಮೇಷ್ಟ್ರು ಕೋಟು ತೊಟ್ಟರು. ಎಲ್ಲೂ ಒಂದು ಸುಕ್ಕಿರಲಿಲ್ಲ.

"ಗೊತ್ತಾಯ್ತಾ, ಲಡಾಣಿ ಅಂದ್ರೇನು ಅಂತ?" ಗಂಡ ಕೇಳಿದ.

"ಇಲ್ಲಪ್ಪ" ಎಂದಳು.