ಕೈಯಿಂದ ಎರಡೇ ಎಲೆ

ಊರಿಗೆಲ್ಲ ಅವಳು ನಾದಿನಿ. ಇಸ್ಪೀಟು ಕ್ಲಬ್ಬಿನ ಮಾಲೀಕ ಅವಳ ಅಕ್ಕನ ಗಂಡ. ಅವನು ಕರೆದಂತೆಯೇ ಗಿರಾಕಿಗಳೂ ಕರೆದರು. ಕಿಟಕಿಯಿಲ್ಲದ ಹಾಲ್‌ನಲ್ಲಿ ಎಲೆ ಹಂಚುವ ಕೆಲಸ, ಅದರ ಹಿಂದಿನ ಕೋಣೆಯಲ್ಲೇ ವಾಸ. ಹೊರಗೆ ಹೋಗಬೇಕಾದರೂ ಭಾವನ ಕುರ್ಚಿ ದಾಟಿಯೇ ಹೋಗಬೇಕು.

ಆಚೆ ಬೀದಿಯ ಹೋಟೆಲಿನವರು ಕೆಲಸ ಕೊಡುತ್ತೇವೆ, ಇರಲು ಕೋಣೆಯನ್ನೂ ಕೊಡುತ್ತೇವೆ ಎಂದಿದ್ದರು. ಭಾವ ಫೋನಿನಲ್ಲಿ ಒಂದು ಒಳ್ಳೆಯ ಮಾತಾಡಿದರೆ ಸಾಕಿತ್ತು. "ಸಂಜೆ ಹೇಳ್ತೀನಿ ಬಿಡು" ಎಂದಿದ್ದ.

ಆ ಮಧ್ಯಾಹ್ನ ಒಂದೇ ಮೇಜಿನಲ್ಲಿ ಎರಡು ಪೋಕರ್ ಆಟ: ಒಂದು ಸುತ್ತು ಹೋಲ್ಡೆಮ್, ಒಂದು ಸುತ್ತು ಒಮಾಹಾ. ಎರಡರಲ್ಲೂ ಎಲ್ಲರಿಗೂ ಸೇರಿದ ಐದು ಎಲೆ ನಡುವೆ ಬಿಚ್ಚಿಡುತ್ತಾರೆ. ಹೋಲ್ಡೆಮ್‌ನಲ್ಲಿ ಕೈಗೆ ಎರಡೆಲೆ. ಒಟ್ಟು ಏಳರಲ್ಲಿ ಯಾವ ಐದನ್ನಾದರೂ ಆರಿಸಬಹುದು. ಒಮಾಹಾದಲ್ಲಿ ಕೈಗೆ ನಾಲ್ಕು. ಅದರಿಂದ ಎರಡು, ನಡುವಿನಿಂದ ಮೂರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬೆಳಿಗ್ಗೆಯಿಂದ ಊಟಕ್ಕೂ ಏಳದ ಕಣ್ಣು ಇದನ್ನು ಎಷ್ಟು ಸಲ ತಿರುಗಿಸಿ ಓದೀತು?

ಸಂಜೆಯ ಹೊತ್ತಿಗೆ ಒಮಾಹಾ ನಡೆದಿತ್ತು. ನಡುವೆ ನಾಲ್ಕು ಆಟೀನ್. ಲಾರಿ ಡ್ರೈವರ್ ಕೈಯ ನಾಲ್ಕರಲ್ಲಿ ಆಟೀನ್ ಎಂದರೆ ರಾಜ ಒಂದೇ. "ಐದೂ ಆಟೀನ್, ಫ್ಲಶ್" ಎಂದು ನಾದಿನಿ ಪಣದ ಬಿಲ್ಲೆಗಳ ರಾಶಿಯನ್ನು ಅವನತ್ತ ತಳ್ಳತೊಡಗಿದಳು. ಎದುರಿನ ದರ್ಜಿ ಕೈಯ ಏಳು, ಎಂಟಕ್ಕೆ ನಡುವಿನ ಮೂರು ಸೇರಿಸಿ ಆರರಿಂದ ಹತ್ತರವರೆಗೆ ಸಾಲು ಕಟ್ಟಿದ್ದ. ಸೋತೆನೆಂದು ಕನ್ನಡಕ ಒರೆಸುತ್ತಿದ್ದ.

ಅವಳ ಕೈ ನಿಂತಿತು. ಯಾರೂ ಗಮನಿಸಿರಲಿಲ್ಲ. ಹೋಟೆಲಿನವರಿಗೆ ಹೇಳಲು ಭಾವ ಫೋನು ಕೈಗೆತ್ತಿಕೊಂಡಿದ್ದ.

"ತಪ್ಪು ಓದಿದೆ. ಕೈಯಲ್ಲಿ ಒಂದೇ ಆಟೀನ್ ಇದ್ದರೆ ಇಲ್ಲಿ ಫ್ಲಶ್ ಆಗಲ್ಲ. ದರ್ಜಿಯವರದು ಗೆದ್ದಿದೆ" ಎಂದಳು.

"ಬಾಯಿಗೆ ಬಂದದ್ದನ್ನ ಕಸಕೊಂಡ್ಯಲ್ಲ ನಾದಿನಿ" ಎಂದು ಡ್ರೈವರ್ ಗೊಣಗಿದ.

ಭಾವ ಬಂದು ಎಲೆ ನೋಡಿದ. "ಸರಿ, ದರ್ಜಿಗೇ ಕೊಡು." ಆಮೇಲೆ ಎಲ್ಲರಿಗೂ ಕೇಳುವಂತೆ, "ಎರಡಾಟ ಕಲಸಿಬಿಡೋಳನ್ನ ಅಲ್ಲಿಗೆ ಕಳಿಸಿ ನಾನು ಮುಖ ಎಲ್ಲಿಟ್ಕೊಳ್ಳಲಿ? ಇಲ್ಲೇ ಇರಮ್ಮ, ಮನೆ ಥರ."

ಫೋನು ಜೇಬಿಗೆ ಹೋಯಿತು. ಒಬ್ಬಳ ಮೇಲೆ ಎರಡಾಟ ಹೇರಿದವನು ಯಾರೆಂದು ಮೇಜಿನ ಸುತ್ತ ಒಬ್ಬ ಗಂಡಸೂ ಕೇಳಲಿಲ್ಲ. ಇಂಥ ಸಂಭಾವಿತರ ನಡುವೆ ಅವಳನ್ನು ಹಿಡಿದಿಡಲು ಬೀಗ ಯಾಕೆ ಬೇಕು?

ದರ್ಜಿ ಬಿಲ್ಲೆ ಎಳೆದುಕೊಳ್ಳುತ್ತ ಮೆಲ್ಲಗೆ, "ಸುಮ್ನಿದ್ದಿದ್ರೆ ಹೋಗ್ತಿದ್ದೆ ನೀನು" ಎಂದ.

"ಎಲೆ ಕೊಡಿ" ಎಂದಳು. ಕೊಟ್ಟ. ಕಲಸಿದಳು.