ಅಟ್ಟದ ಮೇಲಿದ್ದ ಅಣ್ಣ

ಆ ಸಿನಿಮಾವನ್ನು ಮೊದಲ ಸಲ ಹೊರಗಿನವರಿಗೆ ತೋರಿಸಿದಾಗ ಜನ ನಕ್ಕರು. ನಗುವುದೇನೋ ಒಳ್ಳೆಯದೇ, ಆದರೆ ಅವರು ನಕ್ಕದ್ದು ನಗಬಾರದ ಜಾಗದಲ್ಲಿ. ಪತ್ತೇದಾರ ಕೈಯಲ್ಲಿ ಬೇಡಿ ಹಿಡಿದು, ತಾನು ಪ್ರೀತಿಸಿದ ಹುಡುಗಿಯ ಮನೆಯ ಅಟ್ಟ ಹತ್ತುತ್ತಾನೆ. ಅಲ್ಲಿ ಅವಳ ಅಣ್ಣ, ಅಂದರೆ ಅಷ್ಟು ಹೊತ್ತೂ ಇಡೀ ಊರು ಹುಡುಕುತ್ತಿದ್ದ ಕೊಲೆಗಾರ, ಮೂಲೆಯಲ್ಲಿ ಮುದುರಿ ಕೂತಿರುತ್ತಾನೆ. ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಗಟ್ಟಿಯಾಗಿ, "ಅಯ್ಯೋ, ಇಷ್ಟು ದಿನ ಇವನು ಊಟಕ್ಕೇನು ಮಾಡ್ತಿದ್ದ?" ಅಂದ. ಅಷ್ಟೇ, ಹಾಲ್‌ಗೆ ಹಾಲೇ ಗೊಳ್ಳೆಂದಿತು.

ಹಿಂದಿನ ಬಾಗಿಲ ಬಳಿ ನಿಂತಿದ್ದ ಕತ್ತರಿ ಅಕ್ಕ ಬಾಗಿಲಿಗೆ ಆತುಕೊಂಡಳು.

ಕತ್ತರಿ ಅಕ್ಕ ಎನ್ನುವುದು ಸ್ಟುಡಿಯೋದವರು ಇಟ್ಟ ಹೆಸರು. ಅವಳು ಎಡಿಟರ್. ಶಾಲೆ ಮುಗಿದ ರಜೆಯಲ್ಲಿ, ತನ್ನ ಭಾವ ಕೆಲಸ ಮಾಡುತ್ತಿದ್ದ ಫಿಲ್ಮ್ ಲ್ಯಾಬನ್ನು ಸುಮ್ಮನೆ ನೋಡಿಬರಲು ಹೋದವಳು ಅಲ್ಲೇ ನೆಲೆಯೂರಿಬಿಟ್ಟಳು. ಆಗ ಫಿಲ್ಮನ್ನು ನಿಜವಾಗಿಯೂ ಕತ್ತರಿಸಬೇಕಿತ್ತು, ಟೇಪು ಹಾಕಿ ಅಂಟಿಸಬೇಕಿತ್ತು. ತುಂಡುಗಳನ್ನೆಲ್ಲ ಕೊರಳಿಗೆ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿಯನ್ನು ಕಂಡು ನಗದವರಿಲ್ಲ. ಕಂಪ್ಯೂಟರ್ ಬಂದಾಗ ಅವಳ ಓರಗೆಯವರು "ಇದೆಲ್ಲ ನಮ್ಮ ಕೈಲಿ ಆಗೋದಲ್ಲಪ್ಪ" ಎಂದು ಕೈ ಕೊಡವಿ ಎದ್ದರು. ಅವಳು ಕನ್ನಡಕ ಬದಲಿಸಿಕೊಂಡು ಕೂತು ಕಲಿತಳು. ಗಂಡ ಲಿಫ್ಟ್ ರಿಪೇರಿ ಮಾಡುವವನು; ಹೆಂಡತಿ ಎಡಿಟ್ ಮಾಡಿದ ಯಾವ ಚಿತ್ರವನ್ನೂ ಅವನು ಪೂರ್ತಿ ನೋಡಿದವನಲ್ಲ. ಹೆಸರು ತೋರಿಸುವ ತನಕ ಕಣ್ಣು ಬಿಟ್ಟಿದ್ದು, "ಬಂತು, ಬಂತು, ನಿನ್ನ ಹೆಸರು ಬಂತು" ಎಂದು ಹೇಳಿ ನಿದ್ದೆಗೆ ಜಾರುವುದು ಅವನ ಪದ್ಧತಿ.

ಇತ್ತೀಚೆಗೆ ಅವಳು ಕೈಯಾಡಿಸಿದ ಚಿತ್ರಗಳು ಒಂದರ ಹಿಂದೊಂದು ಮಕಾಡೆ ಮಲಗಿದ್ದವು. ಕ್ಯಾಂಟೀನಿನಲ್ಲಿ ಯಾರೋ "ಅಕ್ಕನ ಕತ್ತರಿ ಮೊಂಡಾಯ್ತು ಬಿಡಿ" ಅಂದದ್ದು ಅವಳ ಕಿವಿಗೇ ಬಿದ್ದಿತ್ತು. ಕೇಳಿಸದವಳಂತೆ ಚಹಾ ಕುಡಿದು ಬಂದಿದ್ದಳು. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು. ಈ ಚಿತ್ರವೊಂದು ನೆಟ್ಟಗಾಗಲಿ, ಆಮೇಲೆ ಬೇಕಾದರೆ ಎಲ್ಲ ಬಿಟ್ಟು ಮನೆಯಲ್ಲಿ ಕೂರುತ್ತೇನೆ ಎಂದುಕೊಂಡಿದ್ದಳು. ಈಗ ನೋಡಿದರೆ ಇದೂ ಹೀಗಾಯಿತು.

ನಿರ್ಮಾಪಕರು ಲಾರಿಗಳ ಮಾಲೀಕರು, ಸುತ್ತಿ ಬಳಸಿ ಮಾತಾಡುವವರಲ್ಲ. "ನೋಡಮ್ಮಾ, ಆ ಪ್ರೀತಿ ಗೀತಿ ಎಲ್ಲ ತೆಗೆದು ಬಿಸಾಕಿ. ಬರೀ ಓಟ, ಹೊಡೆದಾಟ ಇರಲಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡಿ, ಬೇರೆಯವರನ್ನ ನೋಡ್ತೀನಿ" ಎಂದರು. ನಿರ್ದೇಶಕನಿಗೆ ಇದು ಮೊದಲನೇ ಚಿತ್ರ. ಅವನು ಆ ನಗು ಕೇಳಿದ್ದೇ ತಡ, ಫೋನ್ ಆರಿಸಿಕೊಂಡು ಕಣ್ಮರೆಯಾದ. ಮತ್ತೆ ಶೂಟಿಂಗ್ ಮಾಡೋಣವೆಂದರೆ ಅಟ್ಟದ ಸೆಟ್ಟನ್ನು ಆಗಲೇ ಕಿತ್ತು ಹಾಕಿದ್ದರು, ನಾಯಕಿ ಇನ್ನೊಂದು ಚಿತ್ರಕ್ಕೆ ಹೋಗಿಯಾಗಿತ್ತು. ಇರುವುದರಲ್ಲೇ ಏನಾದರೂ ಮಾಡಬೇಕಿತ್ತು.

ಅವಳು ನಿರ್ಮಾಪಕರು ಹೇಳಿದಂತೆಯೇ ಮಾಡಿ ನೋಡಿದಳು. ಪ್ರೀತಿಯ ದೃಶ್ಯಗಳನ್ನು ತೆಗೆಯುತ್ತ ಹೋದ ಹಾಗೆ ಪತ್ತೇದಾರ ಸುಮ್ಮನೆ ಓಡುವ ಮನುಷ್ಯನಾದ. ಯಾಕಪ್ಪಾ ಓಡ್ತೀಯ, ಸ್ವಲ್ಪ ಕೂತ್ಕೋ ಎಂದು ಅವಳಿಗೇ ಅನ್ನಿಸತೊಡಗಿತು. ಎಲ್ಲವನ್ನೂ ವಾಪಸು ಸೇರಿಸಿದಳು. ಸೇರಿಸಿದರೆ ಮತ್ತೆ ಅದೇ ಆಕಳಿಕೆ. ಪ್ರೀತಿ ಬಂದಾಗ ಪತ್ತೇದಾರಿ ನಿಲ್ಲುತ್ತಿತ್ತು, ಪತ್ತೇದಾರಿ ಶುರುವಾದರೆ ಪ್ರೀತಿ ಮರೆತುಹೋಗುತ್ತಿತ್ತು.

ಭಾನುವಾರ ಲ್ಯಾಪ್‌ಟಾಪನ್ನು ಮನೆಗೆ ತಂದಳು. ಅತ್ತೆಗೆ ಮಂಡಿಯ ಆಪರೇಷನ್ ಆಗಿತ್ತು. ಮಂಚದಿಂದ ಇಳಿಯುವಂತಿರಲಿಲ್ಲ, ಹೊತ್ತೂ ಹೋಗುತ್ತಿರಲಿಲ್ಲ. "ಅದೇನದು, ನಂಗೂ ತೋರಿಸೇ" ಎಂದು ಹಟ ಹಿಡಿದರು. ಸೊಸೆ ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಪಕ್ಕದಲ್ಲಿ ಕೂತಳು. ಚಿತ್ರದ ಶುರುವಿನಲ್ಲೇ ಕೊಲೆಯಾಗುವ ಗಡಿಯಾರದಂಗಡಿಯವನ ಹೆಣ ಕಾಣಿಸಿತೋ ಇಲ್ಲವೋ, ಅತ್ತೆ ಅವಳ ಮೊಣಕೈ ಹಿಡಿದರು.

"ಮೊದ್ಲು ಹೇಳ್ಬಿಡು. ಇವನನ್ನ ಕೊಂದಿದ್ದು ಯಾರು?"

"ಅತ್ತೆ, ಇದು ಪತ್ತೇದಾರಿ ಸಿನಿಮಾ. ಹೇಳ್ಬಿಟ್ರೆ ನೋಡೋಕೇನು ಉಳಿಯುತ್ತೆ?"

"ನಂಗೆ ಎದೆ ಹೊಡ್ಕೊಳ್ಳುತ್ತೆ ಕಣೇ. ಹೇಳದೇ ಇದ್ರೆ ನಾನೂ ನೋಡಲ್ಲ, ನಿನಗೂ ನೋಡೋಕೆ ಬಿಡಲ್ಲ."

ಹೇಗೂ ಹಾಳಾಗಿರುವ ಚಿತ್ರ, ಗುಟ್ಟೇನು ಬಂತು ಎಂದು ಅವಳು ಹೇಳಿಯೇಬಿಟ್ಟಳು. "ಆ ಹುಡುಗಿಯ ಅಣ್ಣ. ಸಿಟ್ಟಲ್ಲಿ ತಳ್ಳಿದ್ದಾನೆ, ಅವನು ಬಿದ್ದು ಸತ್ತಿದ್ದಾನೆ. ಇವಳೇ ಅಣ್ಣನನ್ನ ಅಟ್ಟದ ಮೇಲೆ ಬಚ್ಚಿಟ್ಟಿದ್ದಾಳೆ. ಕೊನೇಲಿ ಗೊತ್ತಾಗುತ್ತೆ. ಆಯ್ತಾ?"

"ಹಾಂ, ಈಗ ಆರಾಮಾಗಿ ನೋಡ್ತೀನಿ" ಎಂದು ಅತ್ತೆ ಹೊದಿಕೆ ಸರಿಪಡಿಸಿಕೊಂಡರು.

ಆದರೆ ಅವರು ಆರಾಮಾಗಿ ನೋಡಲಿಲ್ಲ. ಪತ್ತೇದಾರ ವಿಚಾರಣೆಗೆಂದು ಹುಡುಗಿಯ ಮನೆಗೆ ಬರುವ ದೃಶ್ಯ ಬಂತು. ಅವಳು ಕಾಫಿ ಕೊಡುತ್ತಾಳೆ, ಅವನು ಕುಡಿದು ಹೊಗಳುತ್ತಾನೆ, ಇಬ್ಬರ ನಡುವೆ ಏನೋ ಚಿಗುರುತ್ತದೆ. ಹಾಲ್‌ನಲ್ಲಿ ಜನ ಫೋನ್ ತೆಗೆದಿದ್ದು ಇದೇ ಜಾಗದಲ್ಲಿ. ಅತ್ತೆ ಮಾತ್ರ ಮಂಡಿ ನೋವನ್ನೂ ಮರೆತು ಎದ್ದು ಕೂತರು.

"ಅಯ್ಯೋ, ಇನ್ನೊಂದು ಲೋಟ ಯಾಕೆ ಕೊಡ್ತಿದ್ದೀಯೇ? ಕಳಿಸೇ ಅವನನ್ನ! ಮೇಲೆ ಅಣ್ಣ ಕೆಮ್ಮಿಗಿಮ್ಮಿದ್ರೆ ಏನೇ ಗತಿ?"

ಅವಳು ಪರದೆ ನೋಡುವುದನ್ನು ಬಿಟ್ಟು ಅತ್ತೆಯನ್ನು ನೋಡತೊಡಗಿದಳು. ಮುಂದೊಂದು ಕಡೆ ಪತ್ತೇದಾರ, "ದಿನವಿಡೀ ಎಲ್ಲರನ್ನೂ ಅನುಮಾನ ಪಡೋದೇ ನನ್ನ ಕೆಲಸ. ನಿನ್ನ ಹತ್ರ ಮಾತ್ರ ನಿಶ್ಚಿಂತೆಯಾಗಿರ್ತೀನಿ" ಎನ್ನುತ್ತಾನೆ. ಆ ಮಾತಿಗೆ ಅತ್ತೆಯ ಕಣ್ಣಲ್ಲಿ ನೀರು ಬಂತು. "ಪಾಪ ಕಣೇ ಅವನು. ಅವಳೂ ಪಾಪ. ಏನು ತಾನೇ ಮಾಡ್ತಾಳೆ?" ಎಂದರು.

ಆಗ ಅಕ್ಕನಿಗೆ ಹೊಳೆಯಿತು. ಗುಟ್ಟನ್ನು ಮುಚ್ಚಿಡಬೇಕಾದದ್ದು ಪತ್ತೇದಾರನಿಂದ, ನೋಡುವವರಿಂದಲ್ಲ. ಜನಕ್ಕೆ ಮೊದಲೇ ಗೊತ್ತಿದ್ದರೆ ಆ ಒಂದು ಲೋಟ ಕಾಫಿಯೂ ಕತ್ತಿಯ ಅಂಚಿನ ಮೇಲೆ ನಿಲ್ಲುತ್ತದೆ. ಅವನು ಹುಡುಗಿಯನ್ನು ಎಷ್ಟು ನಂಬುತ್ತಾನೋ ನೋಡುವವರ ಜೀವ ಅಷ್ಟು ಹೊಯ್ದಾಡುತ್ತದೆ. ಅವಳು ಲ್ಯಾಪ್‌ಟಾಪ್ ಮುಚ್ಚಿ ಎದ್ದುಬಿಟ್ಟಳು.

"ಪೂರ್ತಿ ತೋರಿಸಿ ಹೋಗೇ!" ಎಂದು ಅತ್ತೆ ಹಿಂದಿನಿಂದ ಕೂಗುತ್ತಲೇ ಇದ್ದರು.

ನಿರ್ದೇಶಕ ತನ್ನ ಬಾಡಿಗೆ ಕೋಣೆಯಲ್ಲಿ ಗಡ್ಡ ಬಿಟ್ಟುಕೊಂಡು, ಬಿಸ್ಕತ್ತಿನ ಪೊಟ್ಟಣಗಳ ಮಧ್ಯೆ ಬಿದ್ದುಕೊಂಡಿದ್ದ. ಅವಳು ಹೇಳಿದ್ದನ್ನು ಕೇಳಿ ದಡಬಡಿಸಿ ಎದ್ದ.

"ಅಕ್ಕಾ, ಇರೋದೇ ಒಂದು ಗುಟ್ಟು. ಅದನ್ನೂ ಇಂಟರ್‌ವಲ್‌ಗೆ ಮುಂಚೆ ಬಿಟ್ಟುಕೊಟ್ರೆ ಉಳಿಯೋದೇನು?"

"ಭಯ ಉಳಿಯುತ್ತೆ ಕಣಪ್ಪಾ. ಈಗ ಜನ ಯಾರು ಕೊಂದಿದ್ದು ಅಂತ ಕೇಳ್ತಾ ಕೂತಿದ್ದಾರೆ. ಆಮೇಲೆ, ಇವನಿಗೆ ಯಾವಾಗ ಗೊತ್ತಾಗುತ್ತೋ, ಗೊತ್ತಾದ್ರೆ ಇವರಿಬ್ಬರ ಕಥೆ ಏನೋ ಅಂತ ಕೂರ್ತಾರೆ. ಯಾವುದು ದೊಡ್ಡದು, ನೀನೇ ಹೇಳು."

ಅವನು ಶರಟು ಹುಡುಕಿ, ಗುಂಡಿಗಳನ್ನು ಮೇಲೊಂದು ಕೆಳಗೊಂದಾಗಿ ಹಾಕಿಕೊಂಡು ಅವಳ ಜೊತೆ ಹೊರಟ.

ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಅಟ್ಟದ ದೃಶ್ಯಗಳನ್ನು ಕಡೆಯಲ್ಲಿ ಚಿತ್ರೀಕರಿಸಿದ್ದರು. ಅಷ್ಟರಲ್ಲಿ ನಾಯಕಿ ಇನ್ನೊಂದು ಚಿತ್ರಕ್ಕಾಗಿ ಜಡೆ ಕತ್ತರಿಸಿಕೊಂಡಿದ್ದಳು. ಕೊನೆಯಲ್ಲಿ, ಕಥೆಯೊಳಗೆ ಎಷ್ಟೋ ದಿನ ಕಳೆದ ಮೇಲೆ, ಅದು ನಡೆಯುತ್ತಿತ್ತು; ಆ ದೃಶ್ಯವನ್ನು ಮುಂದಕ್ಕೆ ತಂದರೆ, ಕೆಳಗೆ ಉದ್ದ ಜಡೆಯ ಹುಡುಗಿ, ಅಟ್ಟದ ಬಳಿ ಮೋಟು ಕೂದಲಿನ ಹುಡುಗಿ. ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ. ಅಕ್ಕ, ಬೇಡವೆಂದು ಬದಿಗಿಟ್ಟಿದ್ದ ಶಾಟ್‌ಗಳನ್ನೆಲ್ಲ ಜಾಲಾಡಿದಳು. ಅವುಗಳಲ್ಲಿ ಒಂದು ಸಿಕ್ಕಿತು: ಹುಡುಗಿಯ ಕೈ ಮಾತ್ರ ಕಾಣುತ್ತದೆ, ಏಣಿಯ ಮೇಲಿಂದ ಅನ್ನದ ತಟ್ಟೆಯೊಂದನ್ನು ಅಟ್ಟದ ಕಿಂಡಿಗೆ ಚಾಚುತ್ತದೆ. ಕತ್ತಲಿಂದ ಇನ್ನೊಂದು ಕೈ ಬಂದು ಅದನ್ನು ತೆಗೆದುಕೊಳ್ಳುತ್ತದೆ. ಅದರ ಬೆನ್ನಿಗೆ ಅಣ್ಣನ ಮುಖ. ಹುಡುಗಿಯ ಮುಖ, ಕೂದಲು ಕಾಣಬೇಕೆಂದೇನಿಲ್ಲ, ಇಷ್ಟು ಸಾಕು ಎಂದುಕೊಂಡಳು. ತಟ್ಟೆ ಒಳಗೆ ಹೋಗುತ್ತಿದ್ದಂತೆ ಕೆಳಗೆ ಬಾಗಿಲು ಬಡಿಯುವ ಸದ್ದು. ಬಾಗಿಲಲ್ಲಿ ಪತ್ತೇದಾರ. ಅವನು ಕಾಫಿ ಲೋಟ ತುಟಿಗೆ ಒಯ್ಯುವ ಹೊತ್ತಿಗೆ ಮೇಲೆ ಹಲಗೆಯೊಂದು ಕಿರ್ ಎನ್ನುವ ಸದ್ದನ್ನು ಸೇರಿಸಿದಳು.

ಇಷ್ಟಾದ ಮೇಲೆ ಕೊನೆಯ ಅಳುವೂ ಬೇಡವಾಯಿತು. ಪತ್ತೇದಾರ ಬೇಡಿ ಹಿಡಿದು ಬಂದಾಗ ಹುಡುಗಿ ಏಣಿಯ ಬುಡದಲ್ಲಿ ಸುಮ್ಮನೆ ನಿಂತಿರುತ್ತಾಳೆ, ಆಮೇಲೆ ದಾರಿ ಬಿಡುತ್ತಾಳೆ. ಉಳಿದದ್ದನ್ನೆಲ್ಲ ತೆಗೆದುಹಾಕಿದಳು.

ನಿರ್ಮಾಪಕರು ಮುಖ ಗಂಟು ಹಾಕಿಕೊಂಡೇ ಒಪ್ಪಿದರು. "ಇನ್ನೊಂದೇ ಸಲ ತೋರಿಸೋಣ. ಈ ಸಲವೂ ನಕ್ರೆ ನಾನು ಹೇಳಿದ ಹಾಗೇನೇ."

ಮತ್ತೆ ಅದೇ ಹಾಲ್, ಬೆಳಗಿನ ಆಟ. ಪಾಳಿ ಮುಗಿಸಿ ಬಂದ ನರ್ಸುಗಳು, ಕಾಲೇಜಿನ ಮಕ್ಕಳು, ಬಟ್ಟೆ ಕಾರ್ಖಾನೆಯ ಹೆಂಗಸರು ತುಂಬಿದ್ದರು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ತಟ್ಟೆ ಮೇಲೆ ಹೋದಾಗ ಸಾಲುಗಳಲ್ಲಿ ಗುಜುಗುಜು ಎದ್ದಿತು. ಕಾಫಿಯ ದೃಶ್ಯಕ್ಕೆ ಅದೂ ನಿಂತಿತು. ಕಡಲೆಕಾಯಿ ಬಿಡಿಸುತ್ತಿದ್ದವನ ಕೈ ಅಲ್ಲಿಗೇ ನಿಂತಿತು. ಹಲಗೆ ಕಿರ್ ಎಂದಾಗ ಹಲವರು ನಿಜವಾಗಿಯೂ ತಲೆಯೆತ್ತಿ ಹಾಲ್‌ನ ಸೂರು ನೋಡಿದರು! ಕಾರ್ಖಾನೆಯ ಹೆಂಗಸೊಬ್ಬಳು ತಡೆಯಲಾರದೆ, "ಹೇಳ್ಬಿಡಮ್ಮಾ ಅವನಿಗೆ, ಹೇಳ್ಬಿಡು" ಅಂದಳು. ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ.

ಕೊನೆಯ ದೃಶ್ಯ ಬಂತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಏಣಿಯ ಮೆಟ್ಟಿಲ ಸದ್ದು ಕೇಳಿತು. ಈಗ ನಗುತ್ತಾರೆ, ಈಗ, ಎಂದುಕೊಂಡಳು. ಯಾರೋ ಮೂಗೆಳೆದುಕೊಂಡ ಸದ್ದು, ಅಷ್ಟೇ. ಕಣ್ಣು ಬಿಟ್ಟರೆ ದೀಪ ಹತ್ತಿತ್ತು, ಜನ ಕೂತಲ್ಲೇ ಕೂತಿದ್ದರು. ಚಪ್ಪಾಳೆ ತಡವಾಗಿ ಬಂತು, ಬಂದದ್ದು ಬೇಗ ನಿಲ್ಲಲಿಲ್ಲ.

ನಿರ್ಮಾಪಕರು ಕನ್ನಡಕ ಒರೆಸಿಕೊಳ್ಳುತ್ತ ಬಂದರು. "ಆ ಓಟದ ಸೀನು ಸ್ವಲ್ಪ ಉದ್ದ ಆಯ್ತು ಅಲ್ವೇನಮ್ಮಾ? ಮಧ್ಯದಲ್ಲಿ ಅಡ್ಡ ಬರುತ್ತೆ. ಬೇಕಾದ್ರೆ ಅದನ್ನೇ ಕಡಿಮೆ ಮಾಡಿ."

ನಿರ್ದೇಶಕ ಅವಳ ಎರಡೂ ಕೈ ಹಿಡಿದುಕೊಂಡು ಏನೋ ಹೇಳಲು ಹೋಗಿ ಅಳತೊಡಗಿದ. "ಮೊದ್ಲು ಹೋಗಿ ಹೊಟ್ಟೆ ತುಂಬ ಊಟ ಮಾಡು" ಎಂದು ಬೆನ್ನು ತಟ್ಟಿ ಕಳಿಸಿದಳು.

ಹೊರಗೆ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಟ್ಟಳು. ಎಷ್ಟೋ ಕಾಲದಿಂದ ಎದೆಯ ಮೇಲೆ ಹೊತ್ತುಕೊಂಡಿದ್ದ ಚಪ್ಪಡಿಯನ್ನು ಯಾರೋ ಇಳಿಸಿದಂತಿತ್ತು. ಗಂಡನಿಗೆ ಫೋನ್ ಮಾಡಿದಳು.

"ನಗಲಿಲ್ಲ ರೀ."

"ಯಾರು?"

"ಯಾರೂ ನಗಲಿಲ್ಲ!"

"ಹಾಗಾದ್ರೆ ನೀನ್ಯಾಕೆ ಅಳ್ತಿದ್ದೀಯ?"

"ಸುಮ್ನೆ ರೀ. ಇರಲಿ ಬಿಡಿ, ನೀವು ಕೆಲಸ ನೋಡ್ಕೊಳ್ಳಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತಲೆ ಆನಿಸಿದ್ದಷ್ಟೇ ನೆನಪು. ಕಂಡಕ್ಟರ್ ಬಂದು "ಅಮ್ಮಾ, ಕೊನೇ ಸ್ಟಾಪು, ಇಳೀರಿ" ಎಂದು ಎಬ್ಬಿಸಿದಾಗ ಮನೆ ಎಲ್ಲೋ ಹಿಂದೆ ಉಳಿದಿತ್ತು. ಬೇರೆ ದಿನವಾಗಿದ್ದರೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಆವತ್ತು ಮೈಮುರಿದು, ಮೂಲೆಯ ಗಾಡಿಯಲ್ಲಿ ಕಿತ್ತಳೆ ಕೊಂಡು, ಒಂದನ್ನು ಸುಲಿದು ತಿನ್ನುತ್ತ ಬಿಸಿಲಿನಲ್ಲಿ ನಿಧಾನವಾಗಿ ಮನೆ ಕಡೆ ನಡೆದಳು.